ಹನ್ನೊಂದು ವರ್ಷದ ಕೆಲಸ ಹೋಗುತ್ತಿದೆ: ಹೊಸ ಕೆಲಸದ ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಸೋಮವಾರಪೇಟೆಯ ಓದುಗಿ)

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ತಾಲ್ಲೂಕಿನವಳು, ವಯಸ್ಸು ಮೂವತ್ತೊಂಬತ್ತು, ಓದಿದ್ದು ಬಿ.ಕಾಂ. ಮಡಿಕೇರಿ ಸಮೀಪದ ಒಂದು ರೆಸಾರ್ಟಿನ ಲೆಕ್ಕಪತ್ರ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಇತ್ತೀಚೆಗೆ ಆ ರೆಸಾರ್ಟ್ ಬೇರೆ ಮಾಲೀಕರ ಕೈಗೆ ಹೋಯಿತು. ಲೆಕ್ಕಪತ್ರವನ್ನೆಲ್ಲ ಇನ್ನು ಮುಂದೆ ಬೆಂಗಳೂರಿನ ಮುಖ್ಯ ಕಚೇರಿಯಲ್ಲೇ ನೋಡಿಕೊಳ್ಳುತ್ತೇವೆ, ಈ ತಿಂಗಳ ಕೊನೆಗೆ ನಿಮ್ಮ ಕೆಲಸ ಮುಗಿಯುತ್ತದೆ ಎಂದು ಹೊಸಬರು ನಮ್ಮ ವಿಭಾಗದವರಿಗೆಲ್ಲ ತಿಳಿಸಿದ್ದಾರೆ. ಬೇರೆ ಕಡೆ ಕೆಲಸ ಕೇಳುವಾಗ ತೊಂದರೆಯಾಗದಿರಲಿ ಎಂಬ ಕಾರಣ ಕೊಟ್ಟು, ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಡುತ್ತಿರುವುದಾಗಿ ಬರೆದುಕೊಡಬೇಕೆಂದೂ ಕೇಳಿದ್ದಾರೆ. ನಾನು ಇನ್ನೂ ಸಹಿ ಹಾಕಿಲ್ಲ.

ಮನೆಯಲ್ಲಿ ಯಜಮಾನರು, ಅತ್ತೆ ಮತ್ತು ಎಂಟನೆಯ ತರಗತಿಯಲ್ಲಿ ಓದುವ ಮಗ ಇದ್ದಾರೆ. ಎರಡು ಎಕರೆ ಕಾಫಿ ತೋಟವಿದೆ, ಮರಗಳಿಗೆ ಕರಿಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಆದರೆ ತೋಟದ ಹಣ ಕೈಗೆ ಬರುವುದು ವರ್ಷಕ್ಕೊಮ್ಮೆ, ಕುಯ್ಲು ಮುಗಿದ ಮೇಲೆ. ತಿಂಗಳ ಖರ್ಚು ನಡೆಯುತ್ತಿದ್ದುದು ನನ್ನ ಸಂಬಳದಿಂದಲೇ. ಸಹಕಾರ ಸಂಘದಲ್ಲಿ ಬೆಳೆ ಸಾಲವೂ ಇದೆ.

ಈಗ ಒಬ್ಬೊಬ್ಬರು ಒಂದೊಂದು ಮಾತು ಹೇಳುತ್ತಿದ್ದಾರೆ. ಮೈಸೂರಿನಲ್ಲಿರುವ ಭಾವನವರು, ಕಂಡ ಕಂಡ ಜಾಹೀರಾತಿಗೆಲ್ಲ ಅರ್ಜಿ ಹಾಕು, ಯಾವುದಾದರೊಂದು ಸಿಕ್ಕೇ ಸಿಗುತ್ತದೆ ಎನ್ನುತ್ತಾರೆ. ಬೆಂಗಳೂರಿನ ಗೆಳತಿ, ಅಲ್ಲಿಗೇ ಬಂದುಬಿಡು ಎನ್ನುತ್ತಾಳೆ. ಕುಶಾಲನಗರದ ಬಳಿಯ ಹೋಂಸ್ಟೇ ಮಾಲೀಕರೊಬ್ಬರು ನಾಳೆಯೇ ಬನ್ನಿ ಎಂದಿದ್ದಾರೆ, ಆದರೆ ಸಂಬಳ ನನ್ನ ಈಗಿನ ಸಂಬಳದ ಅರ್ಧ. ಕೆಲಸ ಹೋದ ವಿಷಯವನ್ನು ಸದ್ಯಕ್ಕೆ ಯಾರಿಗೂ ಹೇಳುವುದು ಬೇಡ ಎಂಬುದು ಅತ್ತೆಯವರ ಅಭಿಪ್ರಾಯ. ಆತಂಕದಲ್ಲಿ ಸಿಕ್ಕಿದ್ದಕ್ಕೆ ಕೈಹಾಕುವುದಾಗಲಿ, ಯೋಚಿಸುತ್ತ ಕುಳಿತು ಕೈಯಲ್ಲಿರುವ ಹಣ ಕರಗಿಸುವುದಾಗಲಿ ನನಗೆ ಬೇಡ. ಇಂಥ ಸಮಯದಲ್ಲಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ನಂತರ ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ವಿನಂತಿ.

ಉತ್ತರ (ನಿವೃತ್ತ ಸಿಬ್ಬಂದಿ ಅಧಿಕಾರಿ, ಮಡಿಕೇರಿ)

ಸಹೋದರಿ, ಸಹಿ ಹಾಕದೆ ಇದ್ದದ್ದು ಒಳ್ಳೆಯದಾಯಿತು. ನಿಮ್ಮ ಹುಡುಕಾಟ ಆ ಕಾಗದದಿಂದಲೇ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ನಿಮಗೆ ನ್ಯಾಯವಾಗಿ ಬರಬೇಕಾದ ಹಣ ಎಷ್ಟು ಎಂಬುದರ ಮೇಲೆ ನೀವು ಎಷ್ಟು ತಿಂಗಳು ತಾಳ್ಮೆಯಿಂದ ಕೆಲಸ ಹುಡುಕಬಹುದು ಎಂಬುದು ನಿಂತಿದೆ.

ಮಾಲೀಕರೇ ಕೆಲಸದಿಂದ ತೆಗೆಯುವುದಕ್ಕೂ ನೌಕರರು ತಾವಾಗಿ ರಾಜೀನಾಮೆ ಕೊಡುವುದಕ್ಕೂ ಕಾನೂನಿನಲ್ಲಿ ದೊಡ್ಡ ಅಂತರವಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿದ್ದ ಮುಖ್ಯ ರಕ್ಷಣೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಮುಂದುವರಿದಿವೆ. ಕನಿಷ್ಠ ಒಂದು ವರ್ಷ ಸತತವಾಗಿ ಕೆಲಸ ಮಾಡಿದವರನ್ನು ತೆಗೆಯಬೇಕಾದರೆ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಅದರ ಬದಲಿಗೆ ಒಂದು ತಿಂಗಳ ವೇತನ ಕೊಡಬೇಕು. ಜೊತೆಗೆ, ಸೇವೆ ಸಲ್ಲಿಸಿದ ಪ್ರತಿ ಪೂರ್ಣ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನದಂತೆ ಪರಿಹಾರ ಕೊಡಬೇಕು. ಸಂಸ್ಥೆ ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾವಣೆಯಾದಾಗ ನೌಕರರ ಸೇವೆ ಮೊದಲಿನ ಷರತ್ತುಗಳಲ್ಲೇ ಮುಂದುವರಿಯದಿದ್ದರೆ ಈ ಪರಿಹಾರದ ಹಕ್ಕು ಆಗಲೂ ಇರುತ್ತದೆ. ಸ್ವಂತ ಇಚ್ಛೆಯ ರಾಜೀನಾಮೆಗೆ ಸಹಿ ಹಾಕಿದ ಕ್ಷಣದಲ್ಲಿ ಹನ್ನೊಂದು ವರ್ಷಗಳ ಈ ಪರಿಹಾರವನ್ನು ನೀವೇ ಬಿಟ್ಟುಕೊಟ್ಟಂತಾಗುತ್ತದೆ.

ನೀವು ಅಧಿಕಾರಿ ವರ್ಗದವರು, ಇದು ನಿಮಗೆ ಅನ್ವಯಿಸುವುದಿಲ್ಲ ಎಂದು ಅವರು ಹೇಳಬಹುದು. ಇಲ್ಲಿ ಹುದ್ದೆಯ ಹೆಸರಿಗಿಂತ ನೀವು ನಿಜವಾಗಿ ಮಾಡುತ್ತಿದ್ದ ಕೆಲಸದ ಸ್ವರೂಪ ಮುಖ್ಯ. ಲೆಕ್ಕ ಬರೆಯುವ, ಬಿಲ್ಲು ಪರಿಶೀಲಿಸುವ ಗುಮಾಸ್ತಿಕೆಯ ಕೆಲಸ ಕಾರ್ಮಿಕರ ವ್ಯಾಖ್ಯೆಯೊಳಗೆ ಬರುತ್ತದೆ. ಆಡಳಿತ ನಡೆಸುವವರು ಮತ್ತು ತಿಂಗಳಿಗೆ 18,000 ರೂ.ಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು ಮಾತ್ರ ಅದರ ಹೊರಗೆ ಉಳಿಯುತ್ತಾರೆ.

ಗ್ರಾಚುಯಿಟಿ, ಅಂದರೆ ದೀರ್ಘ ಸೇವೆಗಾಗಿ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಇದರಿಂದ ಬೇರೆಯೇ. ಐದು ವರ್ಷ ಪೂರೈಸಿದವರಿಗೆ, ರಾಜೀನಾಮೆ ಕೊಟ್ಟರೂ ಸಹ, ಅದು ಸಿಗಲೇಬೇಕು. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದ ಮೊತ್ತವನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಉದಾಹರಣೆಗೆ, ಲೆಕ್ಕಕ್ಕೆ ತೆಗೆದುಕೊಳ್ಳುವ ವೇತನ 26,000 ರೂ. ಆಗಿದ್ದರೆ ಹನ್ನೊಂದು ವರ್ಷಕ್ಕೆ 1,65,000 ರೂ. ಆಗುತ್ತದೆ. ಇದನ್ನು ಮೂವತ್ತು ದಿನಗಳೊಳಗೆ ಪಾವತಿ ಮಾಡಬೇಕು. ಬಾಕಿ ಸಂಬಳವನ್ನಂತೂ ವೇತನ ಸಂಹಿತೆಯ ಪ್ರಕಾರ ಕೆಲಸದಿಂದ ತೆಗೆದ ಎರಡು ಕೆಲಸದ ದಿನಗಳಲ್ಲಿಯೇ ಚುಕ್ತಾ ಮಾಡಬೇಕು.

ಭವಿಷ್ಯ ನಿಧಿಯ ವಿಷಯದಲ್ಲಿ ಆತುರ ಬೇಡ. ನಿಮ್ಮ ವಂತಿಗೆ ಹತ್ತು ವರ್ಷ ದಾಟಿದ್ದರೆ ಐವತ್ತೆಂಟನೆಯ ವಯಸ್ಸಿನಿಂದ ಪಿಂಚಣಿಗೆ ಅರ್ಹತೆ ಬಂದಿರುತ್ತದೆ. ಉಳಿದ ಹಣ ಖಾತೆಯಲ್ಲಿದ್ದಷ್ಟೂ ಕಾಲ ಬಡ್ಡಿ ಬರುತ್ತದೆ, ಮುಂದಿನ ಕೆಲಸದ ಖಾತೆಗೆ ವರ್ಗಾಯಿಸಿಕೊಳ್ಳಲೂಬಹುದು. ಕೆಲಸ ಬಿಟ್ಟ ದಿನಾಂಕವನ್ನು ಸಂಸ್ಥೆಯವರು ನಿಧಿಯ ದಾಖಲೆಯಲ್ಲಿ ಸರಿಯಾಗಿ ನಮೂದಿಸಿದ್ದಾರೆಯೇ ಎಂದು ಮಾತ್ರ ನೋಡಿಕೊಳ್ಳಿ. ಸಂಸ್ಥೆಯ ಗುಂಪು ಆರೋಗ್ಯ ವಿಮೆ ಇದ್ದರೆ, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಬಗೆಯನ್ನು ಕೊನೆಯ ದಿನಕ್ಕೆ ಮೊದಲೇ ವಿಚಾರಿಸಿ. ಮನೆಯಲ್ಲಿ ವಯಸ್ಸಾದವರಿರುವಾಗ ಇದನ್ನು ಮರೆಯಬಾರದು.

ಮಾತಿನಲ್ಲಿ ಬಗೆಹರಿಯದಿದ್ದರೆ ಮಡಿಕೇರಿಯಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿಗೆ ಲಿಖಿತ ದೂರು ಕೊಡಬಹುದು. ವಕೀಲರ ಶುಲ್ಕಕ್ಕೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇದ್ದರೂ, ಉಚಿತ ಕಾನೂನು ನೆರವು ದೊರೆಯುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರೆ ಸಾಕು. ಆದರೆ ಜಗಳದ ದನಿಯಲ್ಲಿ ಆರಂಭಿಸಬೇಡಿ. ನಿಮಗೆ ಅವರಿಂದ ಅನುಭವ ಪತ್ರವೂ ಬೇಕು, ನಾಳೆ ಯಾರಾದರೂ ಫೋನ್ ಮಾಡಿ ವಿಚಾರಿಸಿದರೆ ಒಳ್ಳೆಯ ಮಾತೂ ಬೇಕು.

ಉತ್ತರ (ತೆರಿಗೆ ಸಲಹೆಗಾರ, ಗೋಣಿಕೊಪ್ಪಲು)

ಮೇಲಿನವರು ಹಣದ ದಾರಿಯನ್ನು ಸ್ಪಷ್ಟವಾಗಿ ತೋರಿಸಿದ್ದಾರೆ. ನಾನು ಕೆಲಸದ ಬಗ್ಗೆ ಬರೆಯುತ್ತೇನೆ.

ಅರ್ಜಿ ಬರೆಯುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ನೀವು ಆ ರೆಸಾರ್ಟಿನಲ್ಲಿ ಏನೇನು ಮಾಡುತ್ತಿದ್ದಿರಿ ಎಂಬುದನ್ನು ತಿಂಗಳ ಮೊದಲ ದಿನದಿಂದ ಕೊನೆಯ ದಿನದವರೆಗೆ ಬರೆದುಕೊಳ್ಳಿ. ಹನ್ನೊಂದು ವರ್ಷ ಒಂದೇ ಕಡೆ ದುಡಿದವರು ತಮ್ಮ ಕೆಲಸವನ್ನು ಅಕೌಂಟೆಂಟ್ ಎಂಬ ಒಂದೇ ಪದದಲ್ಲಿ ಹೇಳಿ ಮುಗಿಸುವುದನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಆನ್‌ಲೈನ್ ಬುಕಿಂಗ್ ಕಂಪನಿಗಳು ತಮ್ಮ ಕಮಿಷನ್ ಮತ್ತು ತೆರಿಗೆ ಕಡಿದುಕೊಂಡು ಕಳುಹಿಸುವ ಹಣವನ್ನು ಅತಿಥಿಗಳ ಪಟ್ಟಿಯ ಜೊತೆ ತಾಳೆ ನೋಡುವುದು, ಅಡುಗೆಮನೆಯ ದಾಸ್ತಾನು ಲೆಕ್ಕ, ದಿನಗೂಲಿಯವರ ಪಟ್ಟಿ, ತಿಂಗಳ ಜಿಎಸ್‌ಟಿ ರಿಟರ್ನ್ಸ್, ಇವೆಲ್ಲ ಬೇರೆ ಬೇರೆ ಕೌಶಲಗಳು, ಇವುಗಳಲ್ಲಿ ಒಂದೊಂದಕ್ಕೂ ನಮ್ಮ ಜಿಲ್ಲೆಯಲ್ಲಿ ಬೇಡಿಕೆಯಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ವರೆಗಿನ ಬಾಡಿಗೆಯ ಕೊಠಡಿಗಳಿಗೆ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು, ಆದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಜಮೆ ಪಡೆಯುವ ಅವಕಾಶ ಅದರೊಂದಿಗೇ ಹೋಯಿತು. ಇದರಿಂದ ತಮಗೆ ಲಾಭವಾಯಿತೇ ನಷ್ಟವಾಯಿತೇ ಎಂಬುದನ್ನು ಲೆಕ್ಕ ಹಾಕಿಕೊಳ್ಳಲಾಗದ ಸಣ್ಣ ರೆಸಾರ್ಟ್ ಮಾಲೀಕರು ಕೊಡಗಿನಲ್ಲಿ ಇದ್ದಾರೆ. ಅವರ ಎದುರು ಕುಳಿತು ಅದನ್ನು ಅಂಕಿಗಳಲ್ಲಿ ತೋರಿಸಬಲ್ಲವರು ನೀವು.

ಇನ್ನೊಂದು ವಿಷಯವನ್ನು ಈ ಬಿಡುವಿನಲ್ಲಿ ಕಲಿತುಕೊಳ್ಳಿ ಎಂದು ಒತ್ತಾಯಿಸುತ್ತೇನೆ. ಅದು ಕಾಫಿಯ ಆದಾಯ ತೆರಿಗೆಯ ಲೆಕ್ಕ. ಬೆಳೆದ ಕಾಫಿಯನ್ನು ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜವನ್ನು ಹಸನು ಮಾಡುವುದು) ಮಾಡಿಸದೆ ಹಾಗೆಯೇ ಮಾರುವ ಬೆಳೆಗಾರರ ಆದಾಯ ಪೂರ್ತಿ ಕೃಷಿ ಆದಾಯ. ಬೆಳೆದವರೇ ಕ್ಯೂರಿಂಗ್ ಮಾಡಿ ಮಾರಿದರೆ, ಆದಾಯ ತೆರಿಗೆ ನಿಯಮಗಳ ಪ್ರಕಾರ, ಆ ಆದಾಯದ ಶೇ. 25 ಭಾಗ ವ್ಯಾಪಾರದ ಆದಾಯವಾಗುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ ಅದು ಶೇ. 40. ಹೋಂಸ್ಟೇ ನಡೆಸುತ್ತ, ಬಂದ ಅತಿಥಿಗಳಿಗೆ ತಮ್ಮ ತೋಟದ ಕಾಫಿ ಪುಡಿಯನ್ನು ಸ್ವಂತ ಹೆಸರಿನಲ್ಲಿ ಮಾರುವ ಕುಟುಂಬಗಳಲ್ಲಿ ಕೊಠಡಿಯ ಲೆಕ್ಕ, ತೋಟದ ಲೆಕ್ಕ, ಪುಡಿಯ ಲೆಕ್ಕ ಮೂರೂ ಒಂದೇ ಪುಸ್ತಕದಲ್ಲಿ ಬೆರೆತು ಹೋಗಿರುತ್ತವೆ. ಇವನ್ನು ಬಿಡಿಸಿ ಬರೆಯಬಲ್ಲವರು ಬಹಳ ಕಡಿಮೆ. ನೀವು ರೆಸಾರ್ಟಿನ ಲೆಕ್ಕ ಬಲ್ಲವರು, ಸ್ವತಃ ಬೆಳೆಗಾರರ ಮನೆಯವರು. ಈ ಎರಡೂ ಒಬ್ಬರಲ್ಲೇ ಸೇರಿರುವುದು ನಿಮ್ಮ ದೊಡ್ಡ ಬಲ.

ಇನ್ನು ಸಮಯದ ಮಾತು. ಮಳೆಗಾಲದಲ್ಲಿ ಕೊಡಗಿನಲ್ಲಿ ಕೆಲಸವೇ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಪ್ರವಾಸೋದ್ಯಮಕ್ಕೆ ಅದು ನಿಜ. ಲೆಕ್ಕಪತ್ರಕ್ಕೆ ನಿಜವಲ್ಲ. ಜುಲೈಯಿಂದ ಅಕ್ಟೋಬರ್‌ವರೆಗೆ ರಿಟರ್ನ್ಸ್ ಮತ್ತು ಆಡಿಟ್ ಕೆಲಸದಿಂದ ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಲಿನ ಆಡಿಟರ್ ಕಚೇರಿಗಳಲ್ಲಿ ಕೈ ಸಾಲುವುದಿಲ್ಲ, ಆ ಕೆಲವು ತಿಂಗಳಿಗೆ ಅನುಭವಸ್ಥರನ್ನು ತೆಗೆದುಕೊಳ್ಳುವ ಕಚೇರಿಗಳಿವೆ. ರೆಸಾರ್ಟುಗಳು ದಸರಾ ರಜೆಗೆ ಮುಂಚೆ ಜನರನ್ನು ಹುಡುಕುತ್ತವೆ. ಎಸ್ಟೇಟ್ ಕಚೇರಿಗಳಲ್ಲಿ ರೈಟರ್ (ತೋಟದ ಲೆಕ್ಕ ಬರೆಯುವ ಗುಮಾಸ್ತ) ಕೆಲಸಕ್ಕೆ ಮತ್ತು ಕುಶಾಲನಗರದ ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಲೆಕ್ಕದ ಕೆಲಸಕ್ಕೆ ಕೇಳುವುದಾದರೆ ಕುಯ್ಲು ಆರಂಭವಾಗುವ ಮೊದಲೇ ಹೋಗಬೇಕು, ಡಿಸೆಂಬರಿನಲ್ಲಿ ಅಲ್ಲಿ ಯಾರಿಗೂ ತಲೆಯೆತ್ತಿ ಮಾತನಾಡುವಷ್ಟು ಬಿಡುವಿರುವುದಿಲ್ಲ. ಹೀಗೆ ಯಾವ ಬಾಗಿಲನ್ನು ಯಾವ ತಿಂಗಳಲ್ಲಿ ತಟ್ಟಬೇಕು ಎಂದು ಯೋಚಿಸಿ ಹೊರಟರೆ, ನಿಮ್ಮ ಭಾವನವರು ಹೇಳುವಂತೆ ಎಲ್ಲೆಡೆಗೂ ಒಂದೇ ಅರ್ಜಿ ಕಳುಹಿಸಿ ಉತ್ತರಕ್ಕಾಗಿ ಕಾಯುವ ಸಂಕಟ ತಪ್ಪುತ್ತದೆ.

ಅತ್ತೆಯವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಈ ಜಿಲ್ಲೆಯ ಖಾಸಗಿ ಕೆಲಸಗಳಲ್ಲಿ ಹೆಚ್ಚಿನವು ಜಾಹೀರಾತಿಗೆ ಬರುವುದೇ ಇಲ್ಲ. ಆಡಿಟರ್, ಬ್ಯಾಂಕ್ ಮ್ಯಾನೇಜರ್, ಗೊಬ್ಬರದ ಅಂಗಡಿಯವರು, ಸಹಕಾರ ಸಂಘದ ಕಾರ್ಯದರ್ಶಿ, ಇಂಥವರ ಬಾಯಿಯಲ್ಲೇ ಅವು ಓಡಾಡುತ್ತವೆ. ಅವರಿಗೆ ನೀವು ಹೇಳದಿದ್ದರೆ ಯಾರೂ ನಿಮ್ಮನ್ನು ನೆನೆಸಿಕೊಳ್ಳಲಾರರು. ಕೆಲಸ ಕೊಡಿಸಿ ಎಂದು ಕೇಳಬೇಡಿ. ಹಾಗೆ ಕೇಳಿದಾಗ ಇಲ್ಲವೆನ್ನಲು ಅವರಿಗೂ ಮುಜುಗರ, ನಿಮಗೂ ಮುಜುಗರ. ಯಾರ ಬಳಿ ಲೆಕ್ಕದ ತೊಂದರೆಯಿದೆ, ಯಾರು ಹೊಸದಾಗಿ ವ್ಯವಹಾರ ಆರಂಭಿಸುತ್ತಿದ್ದಾರೆ ಎಂಬ ಮಾಹಿತಿ ಕೇಳಿ, ಜನರು ಅದನ್ನು ಸಂತೋಷದಿಂದ ಕೊಡುತ್ತಾರೆ.

ಅರ್ಧ ಸಂಬಳದ ಹೋಂಸ್ಟೇ ಕೆಲಸವನ್ನು ನಿರಾಕರಿಸಬೇಡಿ, ಹಾಗೆಯೇ ಒಪ್ಪಿಕೊಳ್ಳಲೂ ಬೇಡಿ. ಒಂದು ಹೋಂಸ್ಟೇಯ ಲೆಕ್ಕಕ್ಕೆ ವಾರದ ಆರು ದಿನ ಬೇಕಾಗುವುದಿಲ್ಲ. ಅರ್ಧ ಸಂಬಳಕ್ಕೆ ವಾರದಲ್ಲಿ ಎರಡೋ ಮೂರೋ ದಿನ ಬಂದು ಲೆಕ್ಕವನ್ನೆಲ್ಲ ಸರಿಯಾಗಿ ನಡೆಸಿಕೊಡುತ್ತೇನೆ ಎಂದು ಹೇಳಿ ನೋಡಿ. ಅವರು ಒಪ್ಪಿದರೆ ಉಳಿದ ದಿನಗಳು ನಿಮ್ಮ ಕೈಯಲ್ಲಿ ಇರುತ್ತವೆ, ಮನೆಗೂ ಒಂದಿಷ್ಟು ಹಣ ಬರುತ್ತದೆ.

ಉತ್ತರ (ವಿರಾಜಪೇಟೆಯವಳು, ಈಗ ಬೆಂಗಳೂರಿನಲ್ಲಿ)

ಅಕ್ಕ, ನಾನು ಇಲ್ಲಿ ಹೋಟೆಲುಗಳ ಲೆಕ್ಕಪತ್ರ ನೋಡಿಕೊಳ್ಳುವ ಒಂದು ಕಚೇರಿಯಲ್ಲಿದ್ದೇನೆ. ಗೋಣಿಕೊಪ್ಪಲಿನ ಸರ್ ಬರೆದಿರುವುದನ್ನು ಗೌರವದಿಂದಲೇ ಓದಿದೆ, ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಬೆಂಗಳೂರಿನ ದಾರಿಯನ್ನು ನೀವು ಪೂರ್ತಿ ಮುಚ್ಚಿಬಿಡಬಾರದು. ನಿಮ್ಮ ಕೆಲಸ ನಿಂತುಹೋಗಿಲ್ಲ, ರೆಸಾರ್ಟಿನಿಂದ ಮುಖ್ಯ ಕಚೇರಿಗೆ ಜಾಗ ಬದಲಿಸಿದೆ ಅಷ್ಟೇ. ಹೀಗೆ ಹಲವು ಹೋಟೆಲುಗಳ ಲೆಕ್ಕವನ್ನು ಒಂದೇ ಕಡೆ ನೋಡಿಕೊಳ್ಳುವ ಕಚೇರಿಗಳಲ್ಲಿ ಕುಳಿತಿರುವ ನಮ್ಮಲ್ಲಿ ಅನೇಕರು ರೆಸಾರ್ಟಿನ ಉಗ್ರಾಣವನ್ನು ಕಣ್ಣಾರೆ ಕಂಡವರಲ್ಲ. ಬಿಲ್ಲಿನಲ್ಲಿ ಕೋಳಿ ಎಷ್ಟು ಕಿಲೋ ಬಂದಿದೆ ಎಂಬುದು ನಮಗೆ ಕಾಣುತ್ತದೆ, ಅಷ್ಟು ಕೋಳಿ ಆ ವಾರಾಂತ್ಯದ ಅತಿಥಿಗಳಿಗೆ ಹೆಚ್ಚಾಯಿತೇ ಎಂಬುದು ತಿಳಿಯುವುದಿಲ್ಲ. ಅದು ನಿಮಗೆ ತಿಳಿಯುತ್ತದೆ.

ಹಾಗೆಂದು ಮನೆ ಖಾಲಿ ಮಾಡಿಕೊಂಡು ಬನ್ನಿ ಎಂದು ನಾನು ಹೇಳುವುದಿಲ್ಲ. ಇಲ್ಲಿ ಸಂಬಳದ ಅಂಕಿ ದೊಡ್ಡದಾಗಿ ಕಾಣುತ್ತದೆ. ಬಾಡಿಗೆ, ಮನೆಯ ಮುಂಗಡ, ಮಗನ ಶಾಲೆಯ ಶುಲ್ಕ, ಎರಡು ಕಡೆ ಸಂಸಾರ ನಡೆಸುವ ಖರ್ಚು, ಕುಯ್ಲಿನ ಸಮಯದಲ್ಲಿ ಊರಿಗೆ ಓಡಾಟ ಇವನ್ನೆಲ್ಲ ಕಳೆದು ಉಳಿಯುವುದೆಷ್ಟು ಎಂದು ಲೆಕ್ಕ ಹಾಕಿದ ಮೇಲೆಯೇ ಎರಡನ್ನೂ ಹೋಲಿಸಿ ನೋಡಬೇಕು. ಮನೆಯಿಂದಲೇ ಮಾಡುವ ಕೆಲಸ ಕೊಡಬಹುದೇ ಎಂದು ಮೊದಲ ಮಾತುಕತೆಯಲ್ಲೇ ಕೇಳಿ. ಆದರೆ ಜುಲೈ, ಆಗಸ್ಟ್ ತಿಂಗಳ ಗಾಳಿಮಳೆಯಲ್ಲಿ ನಮ್ಮೂರಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಿರುವುದು ನಿಮಗೇ ಗೊತ್ತು. ಅಂಥ ದಿನಗಳಲ್ಲಿ ಎಲ್ಲಿ ಕುಳಿತು ಕೆಲಸ ಮಾಡುತ್ತೀರಿ ಎಂಬುದಕ್ಕೆ ಸ್ಪಷ್ಟ ಉತ್ತರ ಇಟ್ಟುಕೊಂಡು ಕೇಳಿದರೆ ಅವರಿಗೆ ನಂಬಿಕೆ ಬರುತ್ತದೆ.

ಸಂದರ್ಶನದಲ್ಲಿ ಕೆಲಸ ಯಾಕೆ ಬಿಟ್ಟಿರಿ ಎಂದು ಖಂಡಿತ ಕೇಳುತ್ತಾರೆ. ಸಂಸ್ಥೆಯ ಮಾಲೀಕತ್ವ ಬದಲಾಗಿ ನಮ್ಮ ವಿಭಾಗವನ್ನು ಬೆಂಗಳೂರಿಗೆ ಸೇರಿಸಿದರು ಎಂದು ಇದ್ದದ್ದನ್ನು ಎರಡು ವಾಕ್ಯದಲ್ಲಿ ಹೇಳಿ ಮುಂದಿನ ಮಾತಿಗೆ ಹೋಗಿ. ಹಳೆಯವರ ಮೇಲಿನ ನೋವನ್ನು ಅಲ್ಲಿ ತೋಡಿಕೊಳ್ಳಬೇಡಿ, ಕೇಳುವವರಿಗೆ ಅದು ಬೇರೆಯೇ ಅರ್ಥ ಕೊಡುತ್ತದೆ. ನಿಮ್ಮ ವಯಸ್ಸಿನ ಬಗ್ಗೆಯೂ ಅಳುಕು ಬೇಡ. ಸಂಬಳ ಎಷ್ಟು ಬೇಕು ಎಂದು ಕೇಳಿದಾಗ ಹಿಂದಿನ ಸಂಬಳವನ್ನು ಮಾತ್ರ ಹೇಳಿ ಸುಮ್ಮನಾಗದೆ, ಇಂತಿಷ್ಟು ಕೆಲಸಕ್ಕೆ ಇಂತಿಷ್ಟು ಎಂದು ಕೇಳಿ.

ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಕೆಲಸ ಕಳೆದುಕೊಂಡವರು ಆನ್‌ಲೈನ್‌ನಲ್ಲಿ ವಿವರ ಹಾಕಿದ ಕೂಡಲೇ ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಹಣ ಕೇಳುವ ಕರೆಗಳು ಬರುತ್ತವೆ. ಕೆಲಸ ಕೊಡುವವರು ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಯಾರಾದರೂ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ನೋಂದಣಿಗೆ ಶುಲ್ಕವಿಲ್ಲ, ಅಲ್ಲಿ ಒಮ್ಮೆ ಹೆಸರು ಹಾಕಿಡಿ. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿಯ ಬಗ್ಗೆ ಯಾರಾದರೂ ಹೇಳಿದರೆ, ಅದು ಹೊಸದಾಗಿ ಪದವಿ ಅಥವಾ ಡಿಪ್ಲೊಮಾ ಮುಗಿಸಿದವರಿಗೆ ಮಾತ್ರ ಇರುವ ಯೋಜನೆ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಕೃತಜ್ಞತೆಗಳು. ರಾಜೀನಾಮೆ ಬರೆದುಕೊಡುವುದಿಲ್ಲ, ಕೆಲಸದಿಂದ ತೆಗೆಯುವುದಾದರೆ ಲಿಖಿತ ನೋಟಿಸ್ ಮತ್ತು ಬಾಕಿ ಲೆಕ್ಕವನ್ನು ಕೊಡಿ ಎಂದು ವಿನಯದಿಂದಲೇ ಇಮೇಲ್ ಕಳುಹಿಸಿದ್ದೇನೆ. ಮನೆಯ ಖರ್ಚಿನ ಪಟ್ಟಿಯನ್ನು ಯಜಮಾನರ ಜೊತೆ ಕುಳಿತು ಬರೆದೆ. ಬಂದ ಹಣದಲ್ಲಿ ಸಂಘದ ಸಾಲವನ್ನು ಮೊದಲು ತೀರಿಸಿಬಿಡೋಣ ಎಂದು ಅವರು ಹೇಳುತ್ತಿದ್ದಾರೆ. ಇದು ಸರಿಯೇ? ಅನುಭವ ಪತ್ರ ಕೊಡುವುದಾಗಿ ರೆಸಾರ್ಟಿನವರು ಒಪ್ಪಿದ್ದಾರೆ, ಅದರಲ್ಲಿ ಏನೇನು ಇರಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ನಿವೃತ್ತ ಸಿಬ್ಬಂದಿ ಅಧಿಕಾರಿ, ಮಡಿಕೇರಿ)

ಸಂಘದ ಬೆಳೆ ಸಾಲವನ್ನು ಅವಧಿಗೆ ಮೊದಲೇ ತೀರಿಸುವ ಆತುರ ಬೇಡ. ಸಹಕಾರ ಸಂಘಗಳಲ್ಲಿ ಐದು ಲಕ್ಷ ರೂ. ವರೆಗಿನ ಅಲ್ಪಾವಧಿ ಬೆಳೆ ಸಾಲಕ್ಕೆ ಸರ್ಕಾರ ಬಡ್ಡಿಯ ಹೊರೆ ಹೊರುತ್ತದೆ, ಆದರೆ ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ ಮಾತ್ರ. ಹಾಗಾಗಿ ನಿಮ್ಮ ಸಾಲದ ಗಡುವು ಯಾವ ದಿನ ಎಂಬುದನ್ನು ಸಂಘದಲ್ಲಿ ಕೇಳಿ ಬರೆದಿಟ್ಟುಕೊಳ್ಳಿ, ಅಷ್ಟು ಹಣವನ್ನು ಬೇರೆ ಖಾತೆಯಲ್ಲಿ ಇಡಿ, ಆ ದಿನ ಮೀರದಂತೆ ಕಟ್ಟಿ. ಚಿನ್ನದ ಮೇಲಿನ ಸಾಲ, ಕೈಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಅವನ್ನು ಮೊದಲು ತೀರಿಸುವುದು ಲಾಭ. ಉಳಿದ ಹಣವನ್ನು ತಿಂಗಳ ಖರ್ಚಿನಿಂದ ಭಾಗಿಸಿದರೆ, ಒಳ್ಳೆಯ ಕೆಲಸಕ್ಕಾಗಿ ನೀವು ಎಷ್ಟು ತಿಂಗಳು ಕಾಯಬಹುದು ಎಂಬುದು ತಿಳಿಯುತ್ತದೆ. ಯಾವ ತಿಂಗಳಿನ ನಂತರ ಕಡಿಮೆ ಸಂಬಳದ ಕೆಲಸವನ್ನೂ ಒಪ್ಪಿಕೊಳ್ಳಬೇಕು ಎಂಬುದನ್ನು ಈಗಲೇ, ಮನಸ್ಸು ಸಮಾಧಾನವಾಗಿರುವಾಗಲೇ, ಯಜಮಾನರ ಜೊತೆ ಸೇರಿ ತೀರ್ಮಾನಿಸಿಕೊಳ್ಳಿ.

ಅನುಭವ ಪತ್ರ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿರಲಿ. ಸೇರಿದ ಮತ್ತು ಬಿಟ್ಟ ದಿನಾಂಕ, ಹುದ್ದೆ, ನೀವು ನಿರ್ವಹಿಸಿದ ಕೆಲಸಗಳ ವಿವರ, ಸಂಸ್ಥೆಯ ಪುನರ್‌ರಚನೆಯಿಂದಾಗಿ ಹುದ್ದೆ ಕೊನೆಗೊಂಡಿತು ಎಂಬ ಒಂದು ವಾಕ್ಯ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ ಇವಿಷ್ಟು ಅದರಲ್ಲಿ ಇರಬೇಕು. ಕೆಲಸಗಳ ವಿವರವನ್ನು ನೀವೇ ನೋಟ್‌ಬುಕ್ಕಿನಿಂದ ತೆಗೆದು ಕರಡು ಬರೆದುಕೊಟ್ಟರೆ ಅವರಿಗೂ ಅನುಕೂಲ, ನಿಮ್ಮ ಕೆಲಸದ ನಿಜವಾದ ವ್ಯಾಪ್ತಿಯೂ ಪತ್ರದಲ್ಲಿ ಬರುತ್ತದೆ. ನಿಮ್ಮನ್ನು ಹತ್ತಿರದಿಂದ ಬಲ್ಲ ಹಳೆಯ ಮ್ಯಾನೇಜರ್ ಇನ್ನೂ ಅಲ್ಲಿದ್ದರೆ, ಅವರೂ ಬೇರೆಡೆಗೆ ಹೋಗುವ ಮೊದಲು, ತಮ್ಮ ಹೆಸರನ್ನು ಮುಂದಿನ ಕೆಲಸದವರಿಗೆ ಕೊಡಬಹುದೇ ಎಂದು ಕೇಳಿ ಒಪ್ಪಿಗೆ ಪಡೆದುಕೊಳ್ಳಿ. ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ನೇಮಕಾತಿ ಪತ್ರ ಮತ್ತು ಸಂಬಳದ ತೆರಿಗೆ ಕಡಿತದ ಪ್ರಮಾಣಪತ್ರ (ಫಾರ್ಮ್ 16) ಇವುಗಳ ಪ್ರತಿಗಳನ್ನು ಕಚೇರಿಯ ಇಮೇಲ್ ಮುಚ್ಚುವ ಮೊದಲೇ ನಿಮ್ಮ ಸ್ವಂತ ಇಮೇಲಿಗೆ ಕಳುಹಿಸಿಕೊಳ್ಳಿ.